ಬಂದವರ ಮನೆ ಊರಿನ ಮನೆಯಾಗುವುದು ಯಾವಾಗ?

(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ, ಸುಳ್ಯ ಕಡೆಯ ಸಿಲೋನ್ ಕುಟುಂಬಗಳವರ ಪರವಾಗಿ ಮಾಡಿದ ಭಾಷಣ)



ಕಾಸರಗೋಡು, ವಯನಾಡು, ನೀಲಗಿರಿ ಕಡೆಯ ಕನ್ನಡ ಕುಟುಂಬಗಳ ಮುಂದೆ ನಾಲ್ಕು ಮಾತಾಡಬೇಕೆಂದು ನಮ್ಮನ್ನು ಕರೆದಿರಿ. ಬಹಳ ಸಂತೋಷ. ನಾವು ಸುಳ್ಯದ ಕಡೆಯ ರಬ್ಬರ್ ತೋಟದವರು. ಸುಳ್ಯ ಪೇಟೆಯ ಬಳಿ ಹರಿಯುವ ಪಯಸ್ವಿನಿಯೇ ಕೆಳಗಿಳಿದು, ಕಾಸರಗೋಡಿನ ಹತ್ತಿರ ಚಂದ್ರಗಿರಿ ಎಂಬ ಹೆಸರಿನಿಂದ ಸಮುದ್ರ ಸೇರುತ್ತದೆ. ಆದಕಾರಣ ನಿಮ್ಮ ನೆರೆಯವರೆಂದು ಹೇಳಿಕೊಳ್ಳಲು ನಮಗೆ ಹಕ್ಕುಂಟು. ಆದರೆ ನಮ್ಮ ಅಜ್ಜ ಅಜ್ಜಿಯರು ಈ ಹೊಳೆಯ ನೀರು ಕುಡಿದು ಬೆಳೆದವರಲ್ಲ. ಅವರು ಹುಟ್ಟಿದ್ದು ಸಿಲೋನಿನ ಚಹಾ ತೋಟಗಳಲ್ಲಿ. ನಮ್ಮಲ್ಲಿ ಕೆಲವರು ತಾಯಿಯ ಮಡಿಲಲ್ಲಿ ಹಡಗು ಹತ್ತಿ ಬಂದವರು. ಹೆಚ್ಚಿನವರು ಇಲ್ಲಿಯೇ ಹುಟ್ಟಿದವರು. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಹೀಗೆ ಮೂರು ಭಾಷೆಯಲ್ಲಿ ಬೆಳೆದವರು ನಾವು. ಇಷ್ಟಾದರೂ ಪೇಟೆಯಲ್ಲಿ ಯಾರಾದರೂ ನಮ್ಮನ್ನು ಪರಿಚಯಿಸುವಾಗ "ಇವರು ಸಿಲೋನಿನವರು" ಎನ್ನುತ್ತಾರೆ. ನಮ್ಮ ಮಕ್ಕಳನ್ನೂ ಹಾಗೆಯೇ ಕರೆಯುತ್ತಾರೆ. ಆ ಮಕ್ಕಳು ಸಿಲೋನನ್ನು ಭೂಪಟದಲ್ಲಿ ಮಾತ್ರ ಕಂಡಿದ್ದಾರೆ.

ಆದುದರಿಂದ ಈ ಹೊತ್ತು ಒಂದೇ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇವೆ. ದುಡಿಮೆಗಾಗಿ ಬಂದ ಒಂದು ಕುಟುಂಬ, ಬಂದ ಊರಿನ ಕುಟುಂಬವಾಗುವುದು ಯಾವಾಗ? ಎಷ್ಟು ವರ್ಷ ಕಳೆದರೆ? ಯಾವ ಕಾಗದ ಸಿಕ್ಕಿದರೆ? ಇದು ನಮ್ಮೊಬ್ಬರ ಪ್ರಶ್ನೆಯಲ್ಲ. ತೋಟದ ಲೈನಿನಲ್ಲಿ, ಪಾಡಿಯಲ್ಲಿ ವಾಸವಾಗಿರುವ ಪ್ರತಿಯೊಂದು ಕುಟುಂಬದ ಪ್ರಶ್ನೆ.

ಮೊದಲು ನಾವು ಬಂದ ದಾರಿಯನ್ನು ಹೇಳುತ್ತೇವೆ.

ಇಂಗ್ಲಿಷರು ಸಿಲೋನಿನ ಬೆಟ್ಟಗಳಲ್ಲಿ ಮೊದಲು ಬೆಳೆದದ್ದು ಕಾಫಿ. ಕಾಫಿಗೆ ಹೆಚ್ಚು ಆಳು ಬೇಕಾಗುವುದು ಕೊಯ್ಲಿನ ಕಾಲದಲ್ಲಿ. ತಮಿಳುನಾಡಿನ ತಿರುಚಿ, ಮಧುರೆ, ರಾಮನಾಥಪುರ, ಸೇಲಂ ಮೊದಲಾದ ಕಡೆಗಳಿಂದ ಜನ ಕಂಗಾಣಿಯ ಹಿಂದೆ ಹೋಗಿ, ಕೊಯ್ಲು ಮುಗಿಸಿ, ಬದುಕಿ ಉಳಿದವರು ಊರಿಗೆ ಮರಳುತ್ತಿದ್ದರು. 1869ರಲ್ಲಿ ಕಾಫಿ ಎಲೆಗೆ ತುಕ್ಕು ರೋಗ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಕಾಫಿ ತೋಟಗಳು ಹಾಳಾದವು. ಆ ಜಾಗದಲ್ಲಿ ಚಹಾ ಬಂತು. ಚಹಾದ ಚಿಗುರು ವರ್ಷವಿಡೀ ಬರುತ್ತದೆ. ವರ್ಷವಿಡೀ ಕೈ ಬೇಕು, ಅದರಲ್ಲೂ ಹೆಂಗಸರ ಕೈ ಬೇಕು. ಹಾಗಾಗಿ ಗಂಡಸೊಬ್ಬನೇ ಹೋಗಿ ಬರುವುದು ನಿಂತು, ಹೆಂಡತಿ ಮಕ್ಕಳ ಸಮೇತ ಸಂಸಾರವೇ ಲೈನಿನಲ್ಲಿ ನೆಲೆಸಿತು. ನೋಡಿ, ಬೆಳೆ ಬದಲಾದದ್ದರಿಂದ ವಲಸೆಯ ರೀತಿಯೇ ಬದಲಾಯಿತು. ಕೂಲಿಗೆ ಹೋದವನು ಸಂಸಾರಿಯಾದ. ಹಾಗೆ ಎರಡು ಮೂರು ತಲೆಮಾರು ಅಲ್ಲಿಯೇ ಹುಟ್ಟಿ, ಅಲ್ಲಿಯೇ ಮಣ್ಣಾದರು.

1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷ ಬಂದ ಪೌರತ್ವ ಕಾಯ್ದೆಯ ಪ್ರಕಾರ ತಂದೆಯೋ ಅಜ್ಜನೋ ಆ ದ್ವೀಪದಲ್ಲಿ ಹುಟ್ಟಿದ್ದಕ್ಕೆ ರುಜುವಾತು ಬೇಕಾಯಿತು. ತೋಟದ ಕೂಲಿಕಾರರ ಮನೆಯಲ್ಲಿ ಅಜ್ಜನ ಜನನ ಪತ್ರ ಎಲ್ಲಿಂದ ಬರಬೇಕು? ಲಕ್ಷಾಂತರ ಜನ ಪೌರತ್ವ ಕಳೆದುಕೊಂಡರು. ಮರುವರ್ಷವೇ ಮತದ ಹಕ್ಕೂ ಹೋಯಿತು. ಒಂದು ದಿನ ಬೆಳಿಗ್ಗೆ ಚಿಗುರು ಕೀಳಲು ಹೋದವರು, ಸಂಜೆ ಮನೆಗೆ ಬರುವಾಗ ಯಾವ ದೇಶದವರೂ ಅಲ್ಲ ಎಂಬಂತಾಯಿತು.

ಕಾಸರಗೋಡಿನ ಹಿರಿಯರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. 1956ರ ನವೆಂಬರ್ 1ರಂದು ನೀವು ನಿಮ್ಮ ಮನೆ ಬಿಟ್ಟು ಒಂದು ಹೆಜ್ಜೆ ಇಡಲಿಲ್ಲ. ಅದೇ ಮನೆ, ಅದೇ ಬಾವಿ. ಆದರೂ ಗಡಿ ನಿಮ್ಮನ್ನು ದಾಟಿ ಆಚೆ ಹೋಯಿತು. ನಮ್ಮವರು ಸಮುದ್ರ ದಾಟುವ ಮೊದಲೇ ಕಾನೂನು ಅವರನ್ನು ದಾಟಿ ಹೋಗಿತ್ತು. ನಿಮಗೆ ದೇಶ ಉಳಿಯಿತು, ನಮ್ಮವರಿಗೆ ಉಳಿಯಲಿಲ್ಲ. ಇಷ್ಟೇ ವ್ಯತ್ಯಾಸ, ಆದರೆ ಅದು ದೊಡ್ಡ ವ್ಯತ್ಯಾಸ.

ಮುಂದೆ 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಒಂದು ಒಪ್ಪಂದಕ್ಕೆ ಬಂದರು. ಒಟ್ಟು 9,75,000 ಜನರ ಲೆಕ್ಕ. ಅದರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಜನರ ವಿಷಯ ಆಮೇಲೆ ನೋಡೋಣ ಎಂದು ಬಿಟ್ಟು, 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಎರಡು ದೇಶಗಳೂ ಸರಿಪಾಲು ಮಾಡಿಕೊಂಡವು. ಲೆಕ್ಕ ಸರಿಹೋಯಿತು. ಆದರೆ ಸಂಸಾರ ಲೆಕ್ಕದಂತೆ ಒಡೆಯುವ ವಸ್ತುವೇ? ಅಣ್ಣ ಅಲ್ಲಿಗೆ ಅರ್ಜಿ ಹಾಕಿದ, ತಂಗಿಯ ಗಂಡ ಇಲ್ಲಿಗೆ ಹಾಕಿದ. ಮುದುಕಿ ತಾಯಿ ಯಾರ ಜೊತೆ ಹೋಗಬೇಕು? ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಹಡಗಿನ ದಿನ ಬಂತು.

ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು, ಅಲ್ಲಿಂದ ಮಂಟಪದ ಶಿಬಿರ. ಕೈಯಲ್ಲಿ ಭಾರತದ ಪಾಸ್‌ಪೋರ್ಟು ಮತ್ತು ಕುಟುಂಬ ಕಾರ್ಡು. ಆ ಕಾರ್ಡಿನಲ್ಲಿ ಮನೆಯವರೆಲ್ಲರ ಹೆಸರು ಮತ್ತು ಸರಕಾರದಿಂದ ಸಿಗಬೇಕಾದ ಸಹಾಯದ ವಿವರ. ಕೆಲವರಿಗೆ ಅಂಗಡಿ ಇಡಲು ಸಾಲ ಕೊಟ್ಟರು. ಹುಟ್ಟಿದಂದಿನಿಂದ ಚಿಗುರು ಕಿತ್ತವರಿಗೆ ಅಂಗಡಿ ವ್ಯಾಪಾರ ತಿಳಿಯುತ್ತದೆಯೇ? ಹಲವರ ಸಾಲದ ಹಣ ಕೆಲವು ತಿಂಗಳಲ್ಲೇ ಹೊಟ್ಟೆಗೆ ಹೋಯಿತು. ಅವರು ಗಂಟುಮೂಟೆ ಕಟ್ಟಿಕೊಂಡು, ಕೈಗೆ ಗೊತ್ತಿದ್ದ ಕೆಲಸ ಹುಡುಕುತ್ತಾ ಕೋಟಗಿರಿ, ಕೂನೂರು, ಗೂಡಲೂರಿನ ಚಹಾ ಬೆಟ್ಟ ಹತ್ತಿದರು. ನೀಲಗಿರಿಯಿಂದ ಬಂದ ನಿಮಗೆ ಅವರು ಪರಿಚಿತರೇ. ನಿಮ್ಮ ಪಕ್ಕದ ಸಾಲಿನಲ್ಲಿ ಕೊಳುಂದು ಕಿತ್ತವರು ಅವರು. ತಮಿಳುನಾಡು ಸರಕಾರ ಇವರಿಗಾಗಿ 1968ರಿಂದ ಅರಣ್ಯ ಇಲಾಖೆಯ ಮೂಲಕ ಚಹಾ ತೋಟ ಎಬ್ಬಿಸಿತು. ಅದು 1976ರಲ್ಲಿ ಟ್ಯಾನ್‌ಟೀ ನಿಗಮವಾಯಿತು. ಕೇರಳದಲ್ಲಿ ಪುನಲೂರಿನ ರಬ್ಬರ್ ತೋಟಕ್ಕೆ ಕೆಲವರು ಹೋದರು. ಕರ್ನಾಟಕದ ಪಾಲಿಗೆ ಬಂದವರು ಸುಳ್ಯ, ಪುತ್ತೂರು ಕಡೆಯ ರಬ್ಬರಿಗೆ ಬಂದರು. 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ನಮ್ಮವರಿಗೆ ಕೆಲಸ ಸಿಕ್ಕಿತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಾವು ನಿರಾಶ್ರಿತರಲ್ಲ. 1983ರ ಗಲಭೆಯ ನಂತರ ಪ್ರಾಣ ಉಳಿಸಿಕೊಳ್ಳಲು ಓಡಿಬಂದು ಶಿಬಿರಗಳಲ್ಲಿ ಉಳಿದವರ ಕಷ್ಟ ಬೇರೆ, ಅದು ದೊಡ್ಡ ಕಷ್ಟ. ನಾವಾದರೋ ಎರಡು ಸರಕಾರಗಳ ಒಪ್ಪಂದದಂತೆ, ಭಾರತದ ಪೌರರಾಗಿ ಬಂದವರು. ಈ ಎರಡನ್ನೂ ಒಂದೇ ಎಂದು ತಿಳಿದವರು ನಮ್ಮವರನ್ನು ಕಚೇರಿಯಿಂದ ಕಚೇರಿಗೆ ಎಷ್ಟೋ ಸಲ ಅಲೆಸಿದ್ದುಂಟು. 1984ರಲ್ಲಿ ಹಡಗೂ ನಿಂತುಹೋಯಿತು. ಆಮೇಲೆ ಅಲ್ಲಿಯ ಸಾವು ಇಲ್ಲಿಗೆ ತಿಳಿಯುವಾಗ ತಿಂಗಳು ಕಳೆದಿರುತ್ತಿತ್ತು.

ಇನ್ನು ಸುಳ್ಯಕ್ಕೆ ಬಂದ ಮೇಲಿನ ಸಂಸಾರದ ಮಾತು.

ಮೊದಲನೆಯದು ಕೆಲಸ. ಚಹಾ ಗೊತ್ತಿದ್ದ ಕೈಗೆ ರಬ್ಬರ್ ಹೊಸತು. ಚಹಾದಲ್ಲಿ ಎರಡು ಎಲೆ, ಒಂದು ಕುಡಿ, ಬೆರಳಿನ ಕೆಲಸ. ರಬ್ಬರಿನಲ್ಲಿ ಕತ್ತಿಯ ಕೆಲಸ. ಎಡಗಡೆಯ ಮೇಲಿನಿಂದ ಬಲಗಡೆಯ ಕೆಳಕ್ಕೆ ಓರೆಯಾಗಿ ತೊಗಟೆಯನ್ನು ತೆಳ್ಳಗೆ ಕೆತ್ತಬೇಕು. ಆಳ ಸಾಲದಿದ್ದರೆ ಹಾಲು ಬಾರದು, ಒಂದು ನೂಲಿನಷ್ಟು ಹೆಚ್ಚಾದರೆ ಮರಕ್ಕೆ ಗಾಯವಾಗಿ ಗಂಟು ಕಟ್ಟುತ್ತದೆ. ಬಿಸಿಲೇರಿದರೆ ಹಾಲು ಹರಿಯುವುದು ಕಡಿಮೆಯಾಗುವುದರಿಂದ ನಸುಕಿನಲ್ಲೇ ತೋಟದಲ್ಲಿರಬೇಕು. ಗಿಡ ನೆಟ್ಟು ಹಾಲು ಬರಲು ಸುಮಾರು ಏಳು ವರ್ಷ ಬೇಕು. ಆ ಏಳು ವರ್ಷ ನಮ್ಮವರು ಗುಂಡಿ ತೋಡಿದರು, ಕಳೆ ಕಿತ್ತರು, ಗಿಡ ಕಾದರು. ಹಾಲು ಬರುವ ಹೊತ್ತಿಗೆ ಹೆಂಗಸರೂ ಕತ್ತಿ ಹಿಡಿಯಲು ಕಲಿತಿದ್ದರು. ಮಳೆಗಾಲದಲ್ಲಿ ಮಾತ್ರ ಸುಳ್ಯದ ಮಳೆ ಅವರನ್ನು ಹೆದರಿಸಿತು. ಸಿಲೋನಿನಲ್ಲೂ ಮಳೆಯುಂಟು, ಆದರೆ ಹೀಗೆ ದಿನಗಟ್ಟಲೆ ಬಿಡದೆ ಹೊಯ್ದು ಕೆಲಸವನ್ನೇ ನಿಲ್ಲಿಸುವ ಮಳೆಗೆ ಮನೆಯಲ್ಲಿ ಅಕ್ಕಿ ಕೂಡಿಡಬೇಕೆಂಬುದನ್ನು ಅವರು ನೆರೆಮನೆಯ ತುಳು ಹೆಂಗಸರಿಂದ ಕಲಿತರು. ಹಲಸಿನ ಬೀಜವನ್ನು ಕಾಪಿಡುವುದನ್ನೂ ಅವರೇ ಕಲಿಸಿದರು.

ಎರಡನೆಯದು ಭಾಷೆ. ದೊಡ್ಡವರಿಗೆ ಪೇಟೆಯ ತುಳು ಬೇಗ ಬಂತು, ಏಕೆಂದರೆ ಸಾಮಾನು ತರಬೇಕಲ್ಲ. ಕನ್ನಡ ಬಂದದ್ದು ಮಕ್ಕಳ ಮೂಲಕ. ಶಾಲೆಯಲ್ಲಿ ಮಕ್ಕಳೇ ಒಂದು ಉಪಾಯ ಕಂಡುಕೊಂಡರು. ನಮ್ಮ 'ಪ' ಇವರ 'ಹ': ಪಾಲು ಹಾಲಾಗುತ್ತದೆ, ಪುಲಿ ಹುಲಿಯಾಗುತ್ತದೆ, ಪಲ್ಲು ಹಲ್ಲಾಗುತ್ತದೆ. ನಮ್ಮ 'ವ' ಇವರ 'ಬ': ವಾಯಿ ಬಾಯಿಯಾಗುತ್ತದೆ, ವೇರು ಬೇರಾಗುತ್ತದೆ. ಇಷ್ಟು ಹಿಡಿದುಕೊಂಡವರಿಗೆ ಕನ್ನಡ ದೂರದ ಭಾಷೆಯಾಗಿ ಉಳಿಯಲಿಲ್ಲ. ಮೂರನೇ ತರಗತಿಯ ಹುಡುಗಿ ತಾಯಿಯ ಜೊತೆ ಪಡಿತರ ಅಂಗಡಿಗೆ ಹೋಗಿ ಮಾತಾಡಿದಳು. ಐದನೇ ತರಗತಿಯ ಹುಡುಗ ತಂದೆಯ ಅರ್ಜಿ ಬರೆದ. ಇದು ಕೇಳಲು ಚೆಂದ. ಆದರೆ ಒಂದು ಕಷ್ಟವೂ ಉಂಟು. ತಂದೆಯ ಸಾಲದ ವಿಷಯ, ತಾಯಿಯ ಕಾಯಿಲೆಯ ವಿಷಯ, ಎಲ್ಲವೂ ಆ ಮಗುವಿನ ಬಾಯಿಯಿಂದಲೇ ಹೊರಗೆ ಹೋಗಬೇಕು. ವಲಸೆ ಬಂದ ಮನೆಯ ಹಿರಿಯ ಮಗು ಬಾಲ್ಯ ಮುಗಿಯುವ ಮೊದಲೇ ಮನೆಯ ಯಜಮಾನನಾಗುತ್ತದೆ.

ಮೂರನೆಯದು ಕಾಗದ. ಪರಿಶಿಷ್ಟ ಜಾತಿಗಳ ಪಟ್ಟಿ ನಮ್ಮ ದೇಶದಲ್ಲಿ ರಾಜ್ಯ ರಾಜ್ಯಕ್ಕೆ ಬೇರೆ, ಅದು 1950ರ ಆದೇಶದಿಂದ ಬಂದದ್ದು. ಒಂದು ರಾಜ್ಯದ ಪಟ್ಟಿಯಲ್ಲಿರುವವರು ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿಯ ಸೌಲಭ್ಯವನ್ನು ಹಾಗೆಯೇ ಕೇಳುವಂತಿಲ್ಲ. ಹೀಗಿರಲಾಗಿ ಓದುವ ಮಗ ಜಾತಿ ಪತ್ರಕ್ಕೆ ಅರ್ಜಿ ಹಾಕಿದಾಗ, "1950ರಲ್ಲಿ ನಿಮ್ಮ ಹಿರಿಯರು ಎಲ್ಲಿದ್ದರು?" ಎಂಬ ಪ್ರಶ್ನೆ ಬಂತು. ನಿಜ ಹೇಳಿದರೆ ಸಿಲೋನಿನಲ್ಲಿದ್ದರು. ಸಿಲೋನಿನಲ್ಲಿ ಕೇಳಿದ್ದು, "ನಿಮ್ಮ ಅಜ್ಜ ಇಲ್ಲಿ ಹುಟ್ಟಿದನೇ?" ಇಲ್ಲಿ ಕೇಳಿದ್ದು, "ನಿಮ್ಮ ಅಜ್ಜ ಇಲ್ಲಿ ಇದ್ದನೇ?" ಎರಡು ದೇಶ, ಒಂದೇ ಪ್ರಶ್ನೆ. ದುಡಿಯುವಾಗ ಯಾರೂ ಅಜ್ಜನನ್ನು ಕೇಳಲಿಲ್ಲ. ಹಕ್ಕು ಕೇಳುವಾಗ ಮಾತ್ರ ಅಜ್ಜ ಬೇಕಾದ. ಸಿಲೋನಿನಲ್ಲಿಯೇ ಉಳಿದ ನಮ್ಮ ಬಂಧುಗಳಿಗೆ ಪೌರತ್ವ ಕೊಡುವ ಕಾನೂನು 2003ರಲ್ಲಿ ಬಂತು. ಅದು ಬಂದದ್ದು ಒಳ್ಳೆಯದೇ. ಆದರೆ ಅಷ್ಟರೊಳಗೆ ಎಷ್ಟು ಮನೆಗಳು ಒಡೆದುಹೋದವು!

ನಾಲ್ಕನೆಯದು ಮನೆ. ಸಹೋದರರೇ, ಇದೇ ಎಲ್ಲಕ್ಕಿಂತ ಮುಖ್ಯ. ಇದನ್ನು ಹೇಳಲಿಕ್ಕಾಗಿಯೇ ನಾವು ಬಂದದ್ದು.

1951ರ ತೋಟ ಕಾರ್ಮಿಕರ ಕಾಯ್ದೆ ತೋಟದ ಕೆಲಸಗಾರನಿಗೆ ಮಾಲಿಕನು ಮನೆ ಕೊಡಬೇಕೆಂದು ಹೇಳಿತು. ಅದು ದೊಡ್ಡ ಉಪಕಾರ. ಮಳೆಯಲ್ಲಿ ನಿಂತವರಿಗೆ ಮಾಡು ಸಿಕ್ಕಿತು. ಆದರೆ ಆ ಮನೆ ಕೆಲಸಕ್ಕೆ ಅಂಟಿಕೊಂಡ ಮನೆ. ಹಾಜರಿ ಪುಸ್ತಕದಲ್ಲಿ ಹೆಸರಿರುವವರೆಗೆ ಮನೆ. ಹೆಸರು ಹೋದ ದಿನ ಮನೆಯೂ ಹೋಯಿತು. ಮೂವತ್ತು ವರ್ಷ ಒಲೆ ಉರಿಸಿದ ಅಡಿಗೆಮನೆ, ಮಕ್ಕಳನ್ನು ಹೆತ್ತ ಕೋಣೆ, ಅಂಗಳದಲ್ಲಿ ನೆಟ್ಟ ನುಗ್ಗೆ ಮರ, ಯಾವುದೂ ನಮ್ಮದಲ್ಲ. ಕೆಲಸದಿಂದ ನಿವೃತ್ತಿಯಾದವನಿಗೆ ಎರಡೇ ದಾರಿ: ಮನೆ ಬಿಡಬೇಕು, ಇಲ್ಲವೇ ಮಗನನ್ನೋ ಸೊಸೆಯನ್ನೋ ಅದೇ ಹಾಜರಿಗೆ ಸೇರಿಸಬೇಕು.

ತಮಿಳಿನಲ್ಲಿ ಮನೆಗೆ ವೀಡು ಎನ್ನುತ್ತಾರೆ. ಕನ್ನಡದಲ್ಲಿ ಅದೇ ಬೀಡು. ದೀರ್ಘ ತೆಗೆದರೆ ತಮಿಳಿನಲ್ಲಿ ವಿಡು, ಕನ್ನಡದಲ್ಲಿ ಬಿಡು. ಲೈನಿನಲ್ಲಿರುವವರಿಗೆ ಬೀಡಿಗೂ ಬಿಡುವುದಕ್ಕೂ ನಡುವೆ ಇರುವುದು ಅಷ್ಟೇ ಅಂತರ.

ಇದರಿಂದ ಏನಾಗುತ್ತದೆ ನೋಡಿ. ಹತ್ತನೇ ತರಗತಿ ಮುಗಿಸಿದ ಹುಡುಗ ಮುಂದೆ ಓದಬೇಕೆನ್ನುತ್ತಾನೆ. ಅದೇ ವರ್ಷ ತಂದೆಯ ಕೆಲಸ ಮುಗಿಯುತ್ತದೆ. ಹುಡುಗ ಓದಲು ಹೋದರೆ ಮನೆ ಇಲ್ಲ, ಮನೆ ಬೇಕಾದರೆ ಓದು ಇಲ್ಲ. ನಮ್ಮ ಕಡೆಯ ಒಂದು ಮನೆಯಲ್ಲಿ ಮಗಳಿಗೆ ನರ್ಸಿಂಗ್ ಓದಲು ಸೀಟು ಸಿಕ್ಕಿದ ವರ್ಷವೇ ತಂದೆ ನಿವೃತ್ತನಾದ. ಅಣ್ಣ ಮಂಗಳೂರಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ. "ನೀನು ಹೋಗು ತಂಗಿ, ನಾನು ಕತ್ತಿ ಹಿಡಿಯುತ್ತೇನೆ" ಎಂದು ಅವನು ತೋಟಕ್ಕೆ ಬಂದ. ತಂಗಿ ಓದಿದಳು, ಈಗ ಕೆಲಸದಲ್ಲಿದ್ದಾಳೆ. ಎಲ್ಲರೂ ಅವಳನ್ನು ಹೊಗಳುತ್ತೇವೆ. ಆದರೆ ಮನೆಯೊಂದು ಕೆಲಸಕ್ಕೆ ಅಂಟಿಕೊಂಡಿದ್ದ ಕಾರಣಕ್ಕೆ ಒಬ್ಬ ಮಗನ ಬದುಕನ್ನು ಇನ್ನೊಬ್ಬ ಮಗಳ ಬದುಕಿಗೆ ಬದಲು ಕೊಡಬೇಕಾಯಿತು ಎಂಬುದನ್ನು ಮರೆಯಬಾರದು.

"ಆ ಮನೆಯ ಜಾಗವನ್ನೇ ನಮ್ಮ ಹೆಸರಿಗೆ ಮಾಡಿಕೊಡಲಿ" ಎಂದು ಕೆಲವರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದರೆ ನಮ್ಮ ಕಡೆ ರಬ್ಬರ್ ನಿಂತಿರುವುದು ಅರಣ್ಯದ ನೆಲದಲ್ಲಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಮೇಲೆ ಅಂಥ ನೆಲವನ್ನು ಬೇರೆ ಉಪಯೋಗಕ್ಕೆ ಬಿಡಬೇಕಾದರೆ ಕೇಂದ್ರ ಸರಕಾರದ ಒಪ್ಪಿಗೆ ಬೇಕು. ನೀಲಗಿರಿಯಲ್ಲಿ 2022ರಲ್ಲಿ ಟ್ಯಾನ್‌ಟೀ ತೋಟಗಳ ಎರಡು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ನೆಲವನ್ನು ಅರಣ್ಯ ಇಲಾಖೆಗೆ ಮರಳಿಸಲು ಸರಕಾರ ಆದೇಶ ಮಾಡಿದಾಗ, ಅಲ್ಲಿಯ ಕುಟುಂಬಗಳು ಎಷ್ಟು ಕಳವಳಪಟ್ಟವೆಂಬುದನ್ನು ಆ ಕಡೆಯಿಂದ ಬಂದ ನೀವೇ ಬಲ್ಲಿರಿ. ತೋಟ ಶಾಶ್ವತ ಎಂದು ನಾವು ತಿಳಿದಿರುತ್ತೇವೆ. ತೋಟವೂ ವಲಸೆ ಹೋಗುತ್ತದೆ. ಕಾಫಿ ಹೋಯಿತು, ಚಹಾ ಬಂತು. ಒಂದು ದಿನ ಚಹಾವೂ ಹೋಗಬಹುದು.

ಹಾಗಾದರೆ ಮಾಡಬೇಕಾದದ್ದೇನು? ನಮ್ಮಲ್ಲಿ ಕೆಲವು ಕುಟುಂಬಗಳು ನಡೆದ ದಾರಿಯನ್ನು ಹೇಳುತ್ತೇವೆ. ಅವರು ನಿವೃತ್ತಿಯ ಹಣಕ್ಕೆ ಕಾದು ಕುಳಿತುಕೊಳ್ಳಲಿಲ್ಲ. ಗ್ರಾಚ್ಯುಟಿಯ ಲೆಕ್ಕ ನಿಮಗೆ ಗೊತ್ತಿರಲಿ: ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಮೂವತ್ತು ವರ್ಷ ದುಡಿದವರಿಗೆ 450 ದಿನದ ಸಂಬಳ, ಅಂದರೆ ತಿಂಗಳಿಗೆ 26 ದಿನದ ಲೆಕ್ಕದಲ್ಲಿ ಹದಿನೇಳು ತಿಂಗಳ ಸಂಬಳ. ಒಂದು ಮದುವೆ, ಒಂದು ಆಸ್ಪತ್ರೆ, ಅಲ್ಲಿಗೆ ಅದು ಮುಗಿಯಿತು. ಆದಕಾರಣ ಎರಡೆರಡು ಕುಟುಂಬ ಒಟ್ಟಾಗಿ, ಕೈಯಲ್ಲಿ ಬಲವಿರುವಾಗಲೇ, ಪೇಟೆಯ ರಸ್ತೆಯಿಂದ ಸ್ವಲ್ಪ ಒಳಗೆ ಹತ್ತು ಸೆಂಟ್ಸ್ ಜಾಗ ಹಿಡಿದು ಐದೈದು ಸೆಂಟ್ಸ್ ಹಂಚಿಕೊಂಡವು. ಬಾವಿ ಒಂದೇ, ನೀರು ಇಬ್ಬರಿಗೂ. ಮೊದಲ ವರ್ಷ ಪಾಯ, ಎರಡನೇ ವರ್ಷ ಗೋಡೆ, ಮೂರನೇ ವರ್ಷ ಹೆಂಚು. ರಿಜಿಸ್ಟರ್ ಮಾಡಿಸುವಾಗ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಹಾಕಿಸಿದರು. ಇದು ಬಹಳ ಮುಖ್ಯ. ಒಬ್ಬರ ಹೆಸರಿನಲ್ಲಿದ್ದ ಜಾಗ ಕುಡಿತಕ್ಕೋ ಬಡ್ಡಿಗೋ ಹೋಗಬಹುದು. ಇಬ್ಬರ ಸಹಿ ಬೇಕಾದ ಜಾಗ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಆ ಐದು ಸೆಂಟ್ಸಿನ ಮನೆಗೆ ಹೋದ ಮೇಲೆ ಒಂದು ಬದಲಾವಣೆ ಕಂಡೆವು. ಪಂಚಾಯತಿಗೆ ಮನೆ ತೆರಿಗೆ ಕಟ್ಟಿದ ರಶೀದಿ ಕೈಗೆ ಬಂತು. ಸಣ್ಣ ಮೊತ್ತ. ಆದರೆ ಆ ರಶೀದಿ ಹಿಡಿದ ತಾಯಿ, "ಇನ್ನು ನಮ್ಮನ್ನು ಹೋಗು ಎನ್ನುವವರು ಮೊದಲು ಈ ಕಾಗದಕ್ಕೆ ಉತ್ತರ ಹೇಳಲಿ" ಎಂದಳು. ಮಕ್ಕಳಲ್ಲಿ ಒಬ್ಬ ತೋಟಕ್ಕೆ ಹೋದ, ಇನ್ನೊಬ್ಬಳು ಹೊಲಿಗೆ ಕಲಿತಳು, ಮತ್ತೊಬ್ಬ ರಿಕ್ಷಾ ಓಡಿಸಿದ. ಯಾರು ಏನೇ ಕೆಲಸ ಮಾಡಿದರೂ ರಾತ್ರಿ ಮಲಗುವ ಜಾಗ ಬದಲಾಗಲಿಲ್ಲ. ಊರಿನ ಮನೆಯಾಗುವುದೆಂದರೆ ಇದೇ ಎಂದು ನಮಗೆ ಅನಿಸುತ್ತದೆ: ಕೆಲಸ ಬದಲಾದರೂ ಬಾಗಿಲು ಬದಲಾಗಬಾರದು.

ಇನ್ನೊಂದು ಮಾತು ಹೇಳದೆ ಮುಗಿಸಲಾಗದು. ಇವತ್ತು ನಮ್ಮ ರಬ್ಬರ್ ತೋಟಕ್ಕೆ, ಅಡಿಕೆ ತೋಟಕ್ಕೆ, ಕೊಡಗಿನ ಕಾಫಿಗೆ, ವಯನಾಡಿನ, ನೀಲಗಿರಿಯ ಚಹಾಕ್ಕೆ ಜಾರ್ಖಂಡ್, ಅಸ್ಸಾಂ, ಒಡಿಶಾ, ಬಂಗಾಳದಿಂದ ಕುಟುಂಬಗಳು ಬರುತ್ತಿವೆ. ರೈಲಿನಲ್ಲಿ ಎರಡು ಮೂರು ದಿನದ ದಾರಿ. ನಮ್ಮ ಮಕ್ಕಳು ಬಿಟ್ಟು ಹೋದ ಲೈನಿನ ಕೋಣೆಗಳಲ್ಲಿ ಈಗ ಅವರ ಮಕ್ಕಳು ಮಲಗುತ್ತಿದ್ದಾರೆ. ಅವರನ್ನು ಕುರಿತು "ಇವರು ಎಲ್ಲಿಯವರೋ ಏನೋ", "ಇವರಿಂದ ನಮ್ಮ ಕೂಲಿ ಇಳಿಯಿತು" ಎಂಬ ಮಾತು ಕೆಲವು ಕಡೆ ಕೇಳಿಬರುತ್ತದೆ. ಕೂಲಿ ಇಳಿಸುವುದು ಬಂದವನಲ್ಲ. ಅವನಿಗೆ ಲೆಕ್ಕ ಗೊತ್ತಿಲ್ಲವೆಂದು ತಿಳಿದು ಕಡಿಮೆ ಕೊಡುವವರು. ಹೊಸಬನಿಗೆ ಸರಿಯಾದ ಕೂಲಿಯ ದರ ಹೇಳಿಕೊಟ್ಟರೆ ನಮ್ಮ ಕೂಲಿಯೂ ಉಳಿಯುತ್ತದೆ. ಇದು ದಯೆಯ ಮಾತಲ್ಲ, ಲೆಕ್ಕದ ಮಾತು.

ಆದುದರಿಂದ ಪ್ರತಿಯೊಂದು ತೋಟದ ಕುಟುಂಬ ಕೂಟವೂ ಮೂರು ಸಣ್ಣ ಕೆಲಸಗಳನ್ನು ಕೈಗೆತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ.

ಒಂದು, ಮಕ್ಕಳ ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಜನನ ಪತ್ರ ಇಲ್ಲವೆಂಬ ಕಾರಣಕ್ಕೆ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಾಲೆ ಇಲ್ಲ ಎನ್ನುವಂತಿಲ್ಲ. ಹೊಸದಾಗಿ ಬಂದ ತಾಯಿಗೆ ಇದು ಗೊತ್ತಿರುವುದಿಲ್ಲ. ನಮ್ಮಲ್ಲಿ ಒಬ್ಬರು ಜೊತೆಗೆ ಹೋಗಿ ಶಾಲೆಯ ಬಾಗಿಲವರೆಗೆ ಮುಟ್ಟಿಸಲಿ. ಆ ಮಗು ಕನ್ನಡ ಕಲಿತರೆ ಒಂದು ಕುಟುಂಬಕ್ಕೆ ಬಾಯಿ ಬಂದಂತೆ.

ಎರಡು, ಪಡಿತರ. ಈಗ ಒಂದು ರಾಜ್ಯದ ಪಡಿತರ ಚೀಟಿಯ ಮೇಲೆ ಇನ್ನೊಂದು ರಾಜ್ಯದಲ್ಲಿ ಧಾನ್ಯ ತೆಗೆದುಕೊಳ್ಳುವ ವ್ಯವಸ್ಥೆ ಉಂಟು. 2022ರ ಹೊತ್ತಿಗೆ ಅದು ಎಲ್ಲ ರಾಜ್ಯಗಳಿಗೂ ಬಂತು. ಊರಿನಲ್ಲಿ ಚೀಟಿ ಇದ್ದೂ ಇಲ್ಲಿ ಹಣ ಕೊಟ್ಟು ಅಕ್ಕಿ ತರುವವರಿಗೆ ಇದನ್ನು ತಿಳಿಸಬೇಕು.

ಮೂರು, ನಮ್ಮ ನಮ್ಮ ಮನೆಯ ಕಾಗದ. ಹಳೆಯ ಕುಟುಂಬ ಕಾರ್ಡು, ಪಾಸ್‌ಪೋರ್ಟು, ಶಾಲೆಯ ವರ್ಗಾವಣೆ ಪತ್ರ, ಸಂಬಳದ ಚೀಟಿ, ಇವು ಹಳತಾದವೆಂದು ಎಸೆಯಬೇಡಿ. ಎಲ್ಲದರಲ್ಲೂ ಹೆಸರು ಒಂದೇ ರೀತಿ ಉಂಟೋ ಎಂದು ಈ ತಿಂಗಳೇ ಕೂತು ನೋಡಿ. ತಮಿಳಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಒಂದು ಅಕ್ಷರ ಬಿದ್ದುಹೋದದ್ದಕ್ಕೆ ಪಿಂಚಣಿ ನಿಂತ ಮುದುಕರು ನಮ್ಮಲ್ಲಿದ್ದಾರೆ.

ನಮ್ಮ ಅಜ್ಜಿಯರು ಚಹಾದ ಬುಟ್ಟಿ ಹೊತ್ತರು, ತಾಯಂದಿರು ರಬ್ಬರಿನ ಹಾಲು ಹೊತ್ತರು. ಅವರು ನೆಟ್ಟ ಮರಗಳಲ್ಲಿ ಎಷ್ಟೋ ಮರಗಳು ಹಾಲು ಬತ್ತಿ, ಕಡಿದು, ಅಲ್ಲಿ ಮತ್ತೆ ಹೊಸ ಸಸಿ ನೆಟ್ಟದ್ದಾಗಿದೆ. ಮರಕ್ಕೆ ಯಾರೂ ನೀನು ಎಲ್ಲಿಂದ ಬಂದೆ ಎಂದು ಕೇಳಲಿಲ್ಲ; ರಬ್ಬರೂ ಹೊರದೇಶದಿಂದ ಬಂದದ್ದೇ. ಮಣ್ಣು ಹಿಡಿಯಿತು, ಅಷ್ಟೇ. ಮುಂದಿನ ವಾರ ನಿಮ್ಮ ಲೈನಿಗೆ ಹೊಸ ಕುಟುಂಬವೊಂದು ಬಂದರೆ, ಎಲ್ಲಿಂದ ಬಂದಿರಿ ಎಂದು ಕೇಳುವ ಮೊದಲು ಕುಡಿಯಲು ನೀರು ಕೊಡಿ, ಮಕ್ಕಳಿಗೆಷ್ಟು ವರ್ಷ ಎಂದು ಕೇಳಿ, ಶಾಲೆಯ ದಾರಿ ತೋರಿಸಿ.